ಫಿಲ್ಟರೂ ಒಂದು ಯಂತ್ರವೇ

ಹಾಸನದಲ್ಲಿರುವ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಮಿಕ್ಸಿ ಮತ್ತು ಉಪ್ಪಿನಕಾಯಿ ಜಾಡಿಯ ನಡುವೆ, ಹಳೆಯ ಟವೆಲ್ ಹೊದ್ದ ಯಂತ್ರವೊಂದು ಕುಳಿತಿದೆ. ಎರಡು ವರ್ಷದ ಹಿಂದೆ ದೀಪಾವಳಿಗೆ ಅಮ್ಮನಿಗೆಂದು ಬೆಂಗಳೂರಿನಿಂದ ನಾನೇ ಹೊತ್ತು ತಂದ ಎಸ್ಪ್ರೆಸೊ ಯಂತ್ರ ಅದು. ಬೆಲೆ, ಆಗಿನ ನನ್ನ ಸಂಬಳದ ಅರ್ಧಕ್ಕಿಂತ ಹೆಚ್ಚು. ಮದುವೆಯಾಗಿ ಬಂದಾಗಿನಿಂದ ಬೆಳಗಿನ ಐದಕ್ಕೆ ಎದ್ದು ಡಿಕಾಕ್ಷನ್ ಹಾಕುವ ಅಮ್ಮ ಇನ್ನು ಮೇಲಾದರೂ ಆರರವರೆಗೆ ಮಲಗಲಿ ಎಂಬುದು ನನ್ನ ಲೆಕ್ಕಾಚಾರ.

ಲೆಕ್ಕ ಮೊದಲ ದಿನವೇ ತಪ್ಪಿತು. ಡಬ್ಬಿಯಲ್ಲಿದ್ದ ಮನೆಯ ಕಾಫಿಪುಡಿಯನ್ನೇ ಯಂತ್ರಕ್ಕೆ ತುಂಬಿ ಗುಂಡಿ ಒತ್ತಿದೆ. ಅದು ಗುರುಗುಟ್ಟಿತು, ನಡುಗಿತು, ನಾಲ್ಕಾರು ಹನಿ ಉದುರಿಸಿ ನಿಂತಿತು. ಆಮೇಲೆ ಹಿಡಿಯ ಪಕ್ಕದಿಂದ ಬಿಸಿನೀರು ಸೋರತೊಡಗಿತು. ‘ಒಂದು ಲೋಟ ಕಾಫಿಗೆ ಇಷ್ಟೊಂದು ಸದ್ದೇನೋ?’ ಎಂದಳು ಅಮ್ಮ. ಹೊರಗೆ ಜಗುಲಿಯಲ್ಲಿ ಆರು ಜನ ಕಾಯುತ್ತಿದ್ದರು. ಅವಳು ಮಾತು ಬೆಳೆಸದೆ ಫಿಲ್ಟರಿಗೆ ನೀರು ಕಾಯಿಸಲು ಇಟ್ಟಳು.

ತಪ್ಪು ಯಂತ್ರದ್ದಾಗಿರಲಿಲ್ಲ, ಪುಡಿಯದ್ದೂ ಆಗಿರಲಿಲ್ಲ. ವಿಚಾರಿಸದೆ ಕೊಂಡವನದಾಗಿತ್ತು. ಈಗ ಬೆಂಗಳೂರು, ಮೈಸೂರುಗಳಲ್ಲಿ ಮಾತ್ರವಲ್ಲ, ಸಣ್ಣ ಪಟ್ಟಣಗಳ ಮನೆಗಳಲ್ಲೂ ಕಾಫಿ ಯಂತ್ರ ಕೊಳ್ಳುವ ಮಾತು ಕೇಳಿಬರುತ್ತದೆ. ಅಂಗಡಿಗೆ ಹೋದವರು ಕೇಳುವುದು ‘ಯಾವುದು ಒಳ್ಳೆಯದು?’ ಎಂದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡಿವೆ: ನಮ್ಮ ಮನೆಯಲ್ಲಿ ಕುಡಿಯುವುದು ಯಾವ ಕಾಫಿ? ಅದನ್ನು ಮಾಡುವವರು ಯಾರು? ಏಕೆಂದರೆ ಪೇಟೆಯಲ್ಲಿರುವ ಒಂದೊಂದು ಯಂತ್ರವೂ ಯಾವುದೋ ಒಂದು ದೇಶದಲ್ಲಿ, ಆ ಜನ ಕುಡಿಯುವ ಕಾಫಿಗಾಗಿ ಹುಟ್ಟಿದ್ದು. ಆ ಚರಿತ್ರೆ ತಿಳಿದರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.

ನೀರು, ಪುಡಿ ಮತ್ತು ಹೊತ್ತು

ಎಷ್ಟೇ ಬೆಲೆಯ ಯಂತ್ರವಾದರೂ ಅದು ಮಾಡುವ ಕೆಲಸ ಒಂದೇ. ಹುರಿದು ಪುಡಿ ಮಾಡಿದ ಬೀಜದೊಳಗಿನ ರುಚಿಯನ್ನು ಬಿಸಿನೀರಿಗೆ ಇಳಿಸುವುದು. ಹುರಿದ ಕಾಫಿ ಬೀಜದ ತೂಕದಲ್ಲಿ ನೀರಿಗೆ ಕರಗಬಲ್ಲದ್ದು ಸುಮಾರು ಶೇ 30 ಭಾಗ ಮಾತ್ರ. ಅಷ್ಟನ್ನೂ ಇಳಿಸಿಬಿಟ್ಟರೆ ಕಾಫಿ ಕಹಿ ವಿಷವಾಗುತ್ತದೆ. ಶೇ 18ರಿಂದ 22ರಷ್ಟು ಇಳಿದರೆ ರುಚಿ ಹದವಾಗಿರುತ್ತದೆ ಎಂಬುದು ಕಾಫಿ ತಜ್ಞರು ಸಾಮಾನ್ಯವಾಗಿ ಒಪ್ಪುವ ಅಳತೆ. ಮೊದಲು ಇಳಿಯುವುದು ಹುಳಿ, ಆಮೇಲೆ ಸಿಹಿ ಮತ್ತು ಪರಿಮಳ, ಕೊನೆಗೆ ಕಹಿ ಮತ್ತು ಒಗರು. ಎಲ್ಲಿ ನಿಲ್ಲಿಸಬೇಕು ಎಂಬುದೇ ಕಾಫಿ ಮಾಡುವವರ ಜಾಣತನ.

ಇದನ್ನು ನಿಯಂತ್ರಿಸುವ ಸಂಗತಿಗಳು ಕೆಲವೇ. ಪುಡಿ ಎಷ್ಟು ನಯವಾಗಿದೆ, ನೀರು ಎಷ್ಟು ಬಿಸಿಯಾಗಿದೆ, ಎರಡೂ ಎಷ್ಟು ಹೊತ್ತು ಜೊತೆಗಿರುತ್ತವೆ. ನೀರಿನ ಬಿಸಿ ಸುಮಾರು 92ರಿಂದ 96 ಡಿಗ್ರಿ ಸೆಲ್ಸಿಯಸ್ ಇದ್ದರೆ ಉತ್ತಮ. ಎಂದರೆ ಕುದಿ ಬಂದ ನೀರನ್ನು ಒಲೆಯಿಂದಿಳಿಸಿ ಅರ್ಧ ನಿಮಿಷ ಬಿಟ್ಟಷ್ಟು. ಪುಡಿ ನಯವಾದಷ್ಟೂ ಹೊತ್ತು ಕಡಿಮೆ ಸಾಕು. ತರಿಯಾದಷ್ಟೂ ಹೆಚ್ಚು ಬೇಕು.

ಇನ್ನು ಯಂತ್ರಗಳ ನಡುವಿನ ವ್ಯತ್ಯಾಸವಿರುವುದು ನೀರು ಪುಡಿಯನ್ನು ಹಾದುಹೋಗುವ ರೀತಿಯಲ್ಲಿ. ಇವುಗಳಲ್ಲಿ ಮೂರು ಕುಲ. ನೀರಿನಲ್ಲಿ ಪುಡಿ ನೆನೆಸಿ ಸೋಸುವುದು ಒಂದು. ನೀರು ತನ್ನ ಭಾರಕ್ಕೆ ತಾನೇ ಪುಡಿಯ ಮೂಲಕ ಇಳಿಯುವುದು ಇನ್ನೊಂದು. ನೀರನ್ನು ಒತ್ತಡದಿಂದ ನೂಕುವುದು ಮೂರನೆಯದು. ಬಟ್ಟೆಯಲ್ಲಿ ಸೋಸುವ ಮಲೆನಾಡಿನ ಬೆಲ್ಲದ ಕಾಫಿ ಮೊದಲ ಕುಲಕ್ಕೆ ಸೇರಿದ್ದು. ನಮ್ಮ ಹಿತ್ತಾಳೆ ಫಿಲ್ಟರ್ ಎರಡನೆಯದು. ಟವೆಲ್ ಹೊದ್ದಿರುವ ನನ್ನ ಯಂತ್ರ ಮೂರನೆಯದು.

ಹಿತ್ತಾಳೆ ಫಿಲ್ಟರಿನ ಜಾಣತನ

ಹದಿನೇಳನೆಯ ಶತಮಾನದಲ್ಲಿ ಸೂಫಿ ಸಂತ ಬಾಬಾಬುಡನ್ ಅವರು ಯೆಮನ್‌ನ ಮೋಖಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ಗೊತ್ತಿದೆ. ಆದರೆ ಬೆಳೆದ ಮಾತ್ರಕ್ಕೆ ನಮ್ಮವರು ಕಾಫಿ ಕುಡಿಯತೊಡಗಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ದೊಡ್ಡ ಪ್ರಮಾಣದಲ್ಲಿ ತೋಟ ಮಾಡಿದಾಗಲೂ ಬೀಜ ಹೆಚ್ಚಾಗಿ ಹಡಗು ಹತ್ತುತ್ತಿತ್ತು. ದಕ್ಷಿಣದ ಮನೆಗಳಲ್ಲಿ ಕಾಫಿ ದಿನದ ಅಭ್ಯಾಸವಾದದ್ದು ಆ ಶತಮಾನದ ಕೊನೆಯ ಭಾಗ ಮತ್ತು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಗಂಜಿ, ತಂಗಳು ಉಂಡು ದಿನ ಆರಂಭಿಸುತ್ತಿದ್ದ ಜನ ಈ ಕಪ್ಪು ನೀರಿನ ದಾಸರಾಗುತ್ತಿದ್ದಾರೆಂದು ಹಿರಿಯರು ಮೂಗು ಮುರಿದದ್ದೂ ಉಂಟು.

1930ರ ದಶಕದಲ್ಲಿ ವಿಶ್ವದ ಮಾರುಕಟ್ಟೆ ಕುಸಿದಾಗ ಬೆಳೆಗಾರರಿಗೆ ದೇಶದೊಳಗಿನ ಗ್ರಾಹಕ ಬೇಕಾದ. ಕಾಫಿ ಸೆಸ್ ಸಮಿತಿ 1936ರಲ್ಲಿ ಮುಂಬೈಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. 1942ರ ಕಾಫಿ ಕಾಯ್ದೆಯೊಂದಿಗೆ ಕಾಫಿ ಮಂಡಳಿಗೆ ಬಲ ಬಂತು. ಕಾಫಿ ಹೌಸ್‌ಗಳನ್ನು ಮುಚ್ಚುವ ತೀರ್ಮಾನವಾದಾಗ ಕೆಲಸ ಕಳೆದುಕೊಂಡ ನೌಕರರು ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರಲ್ಲಿ ಸ್ಥಾಪನೆಯಾದದ್ದು ಬೆಂಗಳೂರಿನಲ್ಲಿ.

ಮನೆಯೊಳಗೆ ಈ ಕಾಫಿಯನ್ನು ಕಾಪಾಡಿದ್ದು ಫಿಲ್ಟರ್. ಮೇಲೊಂದು ಕೆಳಗೊಂದು ಪಾತ್ರೆ, ಮೇಲಿನದರ ತಳದಲ್ಲಿ ಸಣ್ಣ ತೂತುಗಳು, ಪುಡಿಯ ಮೇಲೆ ಕೂರುವ, ಕೊಡೆಯಂತೆ ಹಿಡಿ ಇರುವ ತೂತಿನ ಬಿಲ್ಲೆ, ಒಂದು ಮುಚ್ಚಳ. ಇಷ್ಟೇ. 1800ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಬಳಕೆಗೆ ಬಂದ, ಅಲ್ಲಿನ ಆರ್ಚ್‌ಬಿಷಪ್ ದ ಬೆಲ್ವಾ ಅವರ ಹೆಸರು ಹೊತ್ತ ಎರಡಂತಸ್ತಿನ ಕಾಫಿ ಪಾತ್ರೆಗೂ ಇದಕ್ಕೂ ಹತ್ತಿರದ ಹೋಲಿಕೆಯಿದೆ. ಕಾಫಿಯನ್ನು ಕುದಿಸಬಾರದು, ಬಿಸಿನೀರನ್ನು ಅದರ ಮೂಲಕ ಮೆಲ್ಲಗೆ ಇಳಿಸಬೇಕು ಎಂಬುದು ಆ ಕಾಲದಲ್ಲಿ ಹೊಸ ವಿಚಾರ. ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ 1812ರಲ್ಲಿ ಇದನ್ನು ಕುರಿತೇ ಒಂದು ಪ್ರಬಂಧ ಬರೆದ.

ನಮ್ಮ ಫಿಲ್ಟರಿನ ವಿಶೇಷ ಅದರ ಅಳತೆಯಲ್ಲಿದೆ. ಪುಡಿ ಹೆಚ್ಚು, ನೀರು ಕಡಿಮೆ, ಹೊತ್ತು ಧಾರಾಳ. ಇಳಿಯುವುದು ಕುಡಿಯುವ ಕಾಫಿಯಲ್ಲ, ಡಿಕಾಕ್ಷನ್. ಲೋಟದ ಮುಕ್ಕಾಲು ಭಾಗ ಹಾಲು ಬಿದ್ದರೂ ಸೋಲದಷ್ಟು ಗಟ್ಟಿ ರಸ ಅದು. ಹಾಲು ಸಕ್ಕರೆಗಳ ಕಾಫಿ ಕುಡಿಯುವ ಜನ ತಮಗೆ ತಕ್ಕ ಹಾಗೆ ಒಗ್ಗಿಸಿಕೊಂಡ ಉಪಕರಣವಿದು.

ಚಿಕೋರಿಯೂ ಇದೇ ಲೆಕ್ಕಕ್ಕೆ ಸೇರಿದ್ದು. ನೆಪೋಲಿಯನ್ 1806ರಲ್ಲಿ ಬ್ರಿಟನ್ ವಿರುದ್ಧ ವ್ಯಾಪಾರ ದಿಗ್ಬಂಧನ ಹೇರಿದ ಮೇಲೆ ಕಾಫಿ ಸಿಗದೆ ಹೋದ ಫ್ರಾನ್ಸಿನಲ್ಲಿ ಈ ಬೇರಿನ ಬಳಕೆ ಹೆಚ್ಚಿತು. ಹುರಿದ ಚಿಕೋರಿಯಲ್ಲಿ ಕೆಫೀನ್ ಇಲ್ಲ. ಆದರೆ ಅದರ ಹೆಚ್ಚು ಪಾಲು ನೀರಿಗೆ ಕರಗುತ್ತದೆ. ಹಾಗಾಗಿ ಡಿಕಾಕ್ಷನ್‌ಗೆ ಬಣ್ಣವೂ ಮಂದವೂ ಬರುತ್ತವೆ, ಖರ್ಚೂ ಇಳಿಯುತ್ತದೆ. ಮಿಶ್ರಣದಲ್ಲಿ ಚಿಕೋರಿ ಶೇ 49ನ್ನು ಮೀರುವಂತಿಲ್ಲ, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎಂದು ನಮ್ಮ ಕಾನೂನು ಹೇಳುತ್ತದೆ. ನಿಮ್ಮ ಮನೆಯ ಪೊಟ್ಟಣವನ್ನು ಒಮ್ಮೆ ತಿರುಗಿಸಿ ನೋಡಿ. ಯಂತ್ರದ ಆಯ್ಕೆ ಶುರುವಾಗುವುದು ಅಲ್ಲಿಂದ.

ಶಾಲೆ ಪುಸ್ತಕದ ಬ್ಲಾಟಿಂಗ್ ಪೇಪರ್

ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ ಇದ್ದರು. ಕಾಫಿಯ ತಳದಲ್ಲಿ ಉಳಿಯುವ ಚರಟ ಅವರಿಗೆ ಬೇಸರ ತರಿಸಿತ್ತು. ಮಗನ ಶಾಲೆ ಪುಸ್ತಕದಿಂದ ಬ್ಲಾಟಿಂಗ್ ಪೇಪರ್ ಹರಿದು, ಮೊಳೆಯಿಂದ ತೂತು ಹೊಡೆದ ಹಿತ್ತಾಳೆ ಪಾತ್ರೆಯಲ್ಲಿಟ್ಟು ಕಾಫಿ ಸೋಸಿದರು. 1908ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದು ಕಂಪೆನಿಯನ್ನೇ ಕಟ್ಟಿದರು. ಕಾಫಿಯ ಉಪಕರಣಗಳ ಚರಿತ್ರೆಯಲ್ಲಿ, ದಿನವೂ ಕಾಫಿ ಮಾಡಿ ಪಾತ್ರೆ ತೊಳೆಯುವವರೇ ತಮ್ಮ ಕಷ್ಟಕ್ಕೆ ಉಪಾಯ ಹುಡುಕಿದ ಅಪರೂಪದ ಪ್ರಸಂಗವಿದು.

ಕಾಗದದಲ್ಲಿ ಸೋಸಿದಾಗ ಚರಟದ ಜೊತೆಗೆ ಬೀಜದ ಎಣ್ಣೆಯಂಶವೂ ಹಿಂದೆ ಉಳಿಯುತ್ತದೆ. ಕಾಫಿ ತಿಳಿಯಾಗುತ್ತದೆ, ಹಗುರವಾಗುತ್ತದೆ. ಹಾಲಿಲ್ಲದೆ ದೊಡ್ಡ ಬಟ್ಟಲಿನಲ್ಲಿ ಕುಡಿಯುವವರಿಗೆ ಅದು ಸೊಗಸು. ಜರ್ಮನಿಯಲ್ಲೇ 1954ರಲ್ಲಿ ಇದರ ವಿದ್ಯುತ್ ರೂಪ ಬಂತು. ಅಮೆರಿಕದಲ್ಲಿ 1972ರಲ್ಲಿ ಮಾರುಕಟ್ಟೆಗೆ ಬಂದ ‘ಮಿಸ್ಟರ್ ಕಾಫಿ’ ಯಂತ್ರ, ಅಲ್ಲಿನ ಮನೆಗಳಲ್ಲಿ ಕಾಫಿಯನ್ನು ಮತ್ತೆ ಮತ್ತೆ ಕುದಿಸಿ ಕಹಿ ಮಾಡುತ್ತಿದ್ದ ಪರ್ಕೊಲೇಟರನ್ನು ಮೂಲೆಗೆ ತಳ್ಳಿತು.

ಅಮೆರಿಕದಿಂದ ಮರಳಿದ ಮಕ್ಕಳು ಇಲ್ಲಿಯ ಮನೆಗಳಿಗೆ ತಂದದ್ದು ಹೆಚ್ಚಾಗಿ ಈ ಬಗೆಯ ಡ್ರಿಪ್ ಯಂತ್ರವನ್ನೇ. ಅದರಲ್ಲಿ ಇಳಿದ ಕಾಫಿಗೆ ನಮ್ಮ ರೂಢಿಯಂತೆ ಹಾಲು ಬೆರೆಸಿದರೆ ಸಿಗುವುದು ಕಾಫಿಯ ಬಣ್ಣದ ಹಾಲು. ‘ಯಂತ್ರದ ಕಾಫಿ ನೀರು ನೀರು’ ಎಂಬ ದೂರು ಹುಟ್ಟಿದ್ದು ಹೀಗೆ. ಯಂತ್ರ ಕೆಟ್ಟದ್ದಲ್ಲ, ಹಾಲಿಲ್ಲದೆ ಕುಡಿಯುವವರಿಗಾಗಿ ಮಾಡಿದ್ದು, ಅಷ್ಟೆ. ಕಪ್ಪು ಕಾಫಿ ಕುಡಿಯುವ ಮನೆಗೆ, ಒಮ್ಮೆಗೇ ಎಂಟು ಹತ್ತು ಬಟ್ಟಲು ಬೇಕಾಗುವ ಕಚೇರಿಗೆ ಅದಕ್ಕಿಂತ ಅನುಕೂಲವಾದದ್ದು ಕಡಿಮೆ.

ಇಟಲಿಯ ಒತ್ತಡ

ಎಸ್ಪ್ರೆಸೊ ಹುಟ್ಟಿದ್ದು ಮನೆಯಲ್ಲಲ್ಲ, ಹೋಟೆಲಿನಲ್ಲಿ. ಗಿರಾಕಿಗಳು ಹೆಚ್ಚು, ಅವರಿಗಿರುವ ಪುರಸೊತ್ತು ಕಡಿಮೆ. ಟ್ಯೂರಿನ್‌ನ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯ ಕಾಫಿ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಮಿಲಾನ್‌ನ ಲುಯಿಜಿ ಬೆಜ್ಜೆರಾ 1901ರಲ್ಲಿ, ಒಬ್ಬರಿಗೆ ಒಂದು ಬಟ್ಟಲು ಎಂಬಂತೆ ಆಗಿಂದಾಗಲೇ ಇಳಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಅದನ್ನು ಕೊಂಡ ದೆಸಿದೆರಿಯೊ ಪಾವೊನಿ ಮಾರಾಟಕ್ಕೆ ತಂದ. ಆದರೆ ಬರೀ ಹಬೆಯ ಬಲದಿಂದ ನೂಕಿದಾಗ ನೀರು ಅತಿಯಾಗಿ ಬಿಸಿಯಾಗಿ ಕಾಫಿಗೆ ಸುಟ್ಟ ವಾಸನೆ ಹತ್ತುತ್ತಿತ್ತು.

ಎರಡನೆಯ ಮಹಾಯುದ್ಧದ ನಂತರ, 1948ರಲ್ಲಿ, ಅಕಿಲೆ ಗಾಜ್ಜಿಯಾನ ಸನ್ನೆಗೋಲಿನ ಯಂತ್ರ ಬಂತು. ಹಬೆಯ ಬದಲು ಸ್ಪ್ರಿಂಗ್‌ನ ಒತ್ತಡ. ಕಾಫಿಯ ಮೇಲೆ ಹೊಂಬಣ್ಣದ ದಪ್ಪ ನೊರೆ ಮೊದಲು ಕಂಡದ್ದು ಆಗಲೇ. 1961ರಲ್ಲಿ ಫಾಯೆಮಾ ಕಂಪೆನಿಯ ಇ-61 ಯಂತ್ರ ಸನ್ನೆಗೋಲಿನ ಜಾಗದಲ್ಲಿ ವಿದ್ಯುತ್ ಪಂಪು ಕೂರಿಸಿತು. ಇಂದಿನ ಯಂತ್ರಗಳ ಮೂಲ ಮಾದರಿ ಅದು. ಒತ್ತಡ ಸುಮಾರು 9 ಬಾರ್, ಎಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಒಂಬತ್ತು ಪಟ್ಟು. ಸುಮಾರು 7 ಗ್ರಾಂ ಪುಡಿಯಿಂದ 25ರಿಂದ 30 ಸೆಕೆಂಡುಗಳಲ್ಲಿ ಎರಡು ಗುಟುಕಿನಷ್ಟು ಕಾಫಿ.

ಇದರಲ್ಲಿ ನಮಗೂ ಒಂದು ಪಾಲಿದೆ. ಭಾರತದ ಕಾಫಿಯಲ್ಲಿ ಸುಮಾರು ಶೇ 70 ಭಾಗ ಬೆಳೆಯುವುದು ಕರ್ನಾಟಕದಲ್ಲಿ. ಅದನ್ನು ಕೊಳ್ಳುವ ದೇಶಗಳಲ್ಲಿ ಇಟಲಿ ಬಹುಕಾಲದಿಂದ ಮುಂಚೂಣಿಯಲ್ಲಿದೆ. ಎಸ್ಪ್ರೆಸೊಗೆ ನೊರೆ, ಗಟ್ಟಿತನ ಕೊಡಲು ಅಲ್ಲಿನವರು ಬಳಸುವ ರೊಬಸ್ಟಾ ಬೀಜದಲ್ಲಿ ಕೊಡಗು, ಹಾಸನ, ಚಿಕ್ಕಮಗಳೂರಿನ ತೋಟಗಳದ್ದೂ ಇರುತ್ತದೆ. ಬೀಜ ಇಲ್ಲಿಂದ ಅಲ್ಲಿಗೆ, ಯಂತ್ರ ಅಲ್ಲಿಂದ ಇಲ್ಲಿಗೆ.

ನಮ್ಮೂರಿನ ಮದುವೆ ಮನೆಗಳಲ್ಲಿ ಬುಸುಗುಡುತ್ತಿದ್ದ ‘ಎಸ್ಪ್ರೆಸೊ ಕಾಫಿ’ ಬೇರೆಯೇ ಸಂಗತಿ. ಅದು ಹಬೆಯಿಂದ ಹಾಲನ್ನು ನೊರೆಯಾಗಿಸಿ ಇನ್‌ಸ್ಟಂಟ್ ಪುಡಿ ಬೆರೆಸಿದ ಪಾನೀಯ. ಹೆಸರಷ್ಟೇ ಇಟಲಿಯದು. ನಿಜವಾದ ಎಸ್ಪ್ರೆಸೊ ನಮ್ಮ ಯುವಜನರಿಗೆ ಪರಿಚಯವಾದದ್ದು ಹೆಚ್ಚಾಗಿ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದ ನಂತರ.

ಇಟಲಿಯವರೂ ತಮ್ಮ ಮನೆಗಳಲ್ಲಿ ಬಹುಕಾಲ ನೆಚ್ಚಿದ್ದು ದೊಡ್ಡ ಯಂತ್ರವನ್ನಲ್ಲ. 1933ರಲ್ಲಿ ಆಲ್ಫೊನ್ಸೊ ಬಿಯಾಲೆತ್ತಿ ತಂದ ಎಂಟು ಮೂಲೆಯ ಅಲ್ಯೂಮಿನಿಯಂ ಪಾತ್ರೆಯನ್ನು. ಅದರ ಹೆಸರು ಮೋಕಾ, ಯೆಮನ್‌ನ ಅದೇ ಬಂದರಿನ ನೆನಪಿಗೆ. ಕೆಳಗೆ ನೀರು, ನಡುವೆ ಪುಡಿ, ಮೇಲೆ ಖಾಲಿ ಪಾತ್ರೆ. ಒಲೆಯ ಮೇಲಿಟ್ಟರೆ ಕೆಳಗಿನ ಹಬೆ ನೀರನ್ನು ಪುಡಿಯ ಮೂಲಕ ಮೇಲಕ್ಕೆ ನೂಕುತ್ತದೆ. ನಮ್ಮ ಫಿಲ್ಟರನ್ನು ತಲೆಕೆಳಗು ಮಾಡಿದಂತೆ. ಯುದ್ಧಾನಂತರ ಅವನ ಮಗ ರೆನಾತೊ ಅದನ್ನು ಇಟಲಿಯ ಮನೆಮನೆಗೂ ಮುಟ್ಟಿಸಿದ. ಆತ 2016ರಲ್ಲಿ ತೀರಿಕೊಂಡಾಗ ಚಿತಾಭಸ್ಮವನ್ನು ಮೋಕಾ ಆಕಾರದ ಪಾತ್ರೆಯಲ್ಲೇ ಇರಿಸಲಾಯಿತು.

ಇತ್ತೀಚಿನದು ಕ್ಯಾಪ್ಸೂಲ್ ಯಂತ್ರ. ನೆಸ್ಲೆ ಕಂಪೆನಿ 1976ರಲ್ಲಿ ಹಕ್ಕುಪತ್ರ ಪಡೆದು 1986ರಲ್ಲಿ ಮಾರಾಟಕ್ಕಿಟ್ಟ ವಿಧಾನ. ಪುಡಿ ಅಳೆಯಬೇಕಿಲ್ಲ, ಚರಟ ಚೆಲ್ಲಬೇಕಿಲ್ಲ. ಆದರೆ ಪ್ರತಿ ಬಟ್ಟಲಿಗೂ ಒಂದು ಖಾಲಿ ಡಬ್ಬಿ ಉಳಿಯುತ್ತದೆ. ಪುಡಿ ಅಂಗಡಿಯ ಆಯ್ಕೆ ನಿಮ್ಮ ಕೈಯಲ್ಲಿರುವುದಿಲ್ಲ. ಕ್ಯಾಪ್ಸೂಲ್ ಮುಗಿದ ದಿನ ಯಂತ್ರ ಬರೀ ಅಲಂಕಾರ.

ಕೊಳ್ಳುವ ಮುನ್ನ

ಇಷ್ಟು ತಿಳಿದ ಮೇಲೆ ಆಯ್ಕೆ ಕಷ್ಟವಲ್ಲ. ಮೊದಲು ನೋಡಬೇಕಾದ್ದು ಲೋಟವನ್ನು. ಹಾಲು ಬೆರೆಸಿ ಕುಡಿಯುವ ಮನೆಗೆ ಗಟ್ಟಿ ರಸ ಕೊಡುವ ಉಪಕರಣವೇ ಬೇಕು: ಫಿಲ್ಟರ್, ಮೋಕಾ ಇಲ್ಲವೆ ಎಸ್ಪ್ರೆಸೊ. ಹಾಲಿಲ್ಲದೆ ಕುಡಿಯುವವರಿಗೆ ಕಾಗದದ ಡ್ರಿಪ್, ಅಥವಾ ಪುಡಿ ನೆನೆಸಿ ಜಾಲರಿಯಿಂದ ಒತ್ತುವ ಫ್ರೆಂಚ್ ಪ್ರೆಸ್ ಸಾಕು. ಎರಡಕ್ಕೂ ಹೆಚ್ಚು ಹಣ ಬೇಕಿಲ್ಲ.

ಎರಡನೆಯದು, ಏಕಕಾಲಕ್ಕೆ ಎಷ್ಟು ಜನ ಎಂಬುದು. ಎಸ್ಪ್ರೆಸೊ ಯಂತ್ರ ಒಮ್ಮೆಗೆ ಒಂದು, ಹೆಚ್ಚೆಂದರೆ ಎರಡು ಬಟ್ಟಲು ಇಳಿಸುತ್ತದೆ. ಪುಡಿ ತುಂಬಿ, ಅದುಮಿ, ಇಳಿಸಿ, ಚರಟ ತಟ್ಟಿ, ಹಾಲು ನೊರೆ ಮಾಡುವಷ್ಟರಲ್ಲಿ ಒಂದು ಲೋಟಕ್ಕೆ ಮೂರು ನಿಮಿಷವೆಂದರೂ ಆರು ಜನಕ್ಕೆ ಹದಿನೆಂಟು ನಿಮಿಷ. ಅಷ್ಟೂ ಹೊತ್ತು ಒಬ್ಬರು ಯಂತ್ರದ ಮುಂದೆ ನಿಂತಿರಬೇಕು. ಒಬ್ಬರು ಇಬ್ಬರಿರುವ ಮನೆಗೆ ಇದು ಹವ್ಯಾಸ. ತುಂಬಿದ ಮನೆಗೆ ಕೂಲಿ.

ಮೂರನೆಯದು ಪುಡಿ. ನನ್ನ ಯಂತ್ರ ಕಟ್ಟಿಕೊಂಡದ್ದು ಈ ಕಾರಣಕ್ಕೆ. ನಮ್ಮ ಮನೆಯ ಪುಡಿಯಲ್ಲಿ ಶೇ 30 ಚಿಕೋರಿಯಿತ್ತು. ಅದು ನೀರು ಕುಡಿದು ಹಸಿಮಣ್ಣಿನಂತೆ ಮೆತ್ತಿಕೊಳ್ಳುತ್ತದೆ. ಫಿಲ್ಟರಿನಲ್ಲಿ ನೀರನ್ನು ತಡೆತಡೆದು ಇಳಿಸುವ ಈ ಗುಣವೇ ಎಸ್ಪ್ರೆಸೊ ಯಂತ್ರದಲ್ಲಿ ದಾರಿ ಕಟ್ಟಿತು. ಒತ್ತಡದ ಯಂತ್ರಕ್ಕೆ ಚಿಕೋರಿ ಇಲ್ಲದ, ಆಗಷ್ಟೇ ಬೀಸಿದ ಪುಡಿ ಬೇಕು. ಹಾಗಾಗಿ ಎಸ್ಪ್ರೆಸೊ ಯಂತ್ರದ ಬೆಲೆಗೆ ಬೀಸುವ ಯಂತ್ರದ ಬೆಲೆಯನ್ನೂ ಕೂಡಿಸಿಕೊಳ್ಳಿ. ಮಿಕ್ಸಿಯಂತೆ ಅಲಗಿನಿಂದ ಕೊಚ್ಚುವುದು ಬೇಡ. ಬೀಸುಕಲ್ಲಿನಂತೆ ಎರಡು ಹಲ್ಲಿನ ಚಕ್ರಗಳ ನಡುವೆ ಅರೆಯುವುದು ಬೇಕು. ಹಿಂದೆ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಬೀಜವನ್ನು ಮನೆಯಲ್ಲೇ ಹುರಿದು, ಮೇಜಿನ ಅಂಚಿಗೆ ಬಿಗಿದ ಕೈಯಂತ್ರದಲ್ಲಿ ಅಂದಂದಿನ ಪುಡಿ ಅಂದಂದೇ ಬೀಸುತ್ತಿದ್ದರು. ಇಂದು ಹೊಸದೆಂಬಂತೆ ಹೇಳುವ ಮಾತು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಹಣ ಒಂದಕ್ಕೇ ಇದ್ದರೆ ಒಳ್ಳೆಯ ಬೀಜ ಮತ್ತು ಬೀಸುವ ಯಂತ್ರಕ್ಕೆ ಹಾಕಿ. ಹಳೆಯ ಫಿಲ್ಟರಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ನಾಲ್ಕನೆಯದು ಮನೆಯ ನೀರು ಮತ್ತು ಕರೆಂಟು. ಕೊಳವೆಬಾವಿಯ ಗಡಸು ನೀರು ಬಿಸಿಯಾದಾಗ ಯಂತ್ರದ ಸಣ್ಣ ಕೊಳವೆಗಳಲ್ಲಿ ಬಿಳಿ ಸುಣ್ಣದ ಪದರ ಕಟ್ಟುತ್ತದೆ. ಆಗಾಗ ಸಿಟ್ರಿಕ್ ಆಮ್ಲದಂಥ ಹುಳಿಯಿಂದ ತೊಳೆಯದಿದ್ದರೆ ಯಂತ್ರದ ಆಯುಸ್ಸು ಕಡಿಮೆ. ಇಂಥ ಯಂತ್ರಗಳು ಸಾಮಾನ್ಯವಾಗಿ ಸಾವಿರ ವಾಟ್ ಮೀರಿ ವಿದ್ಯುತ್ ಎಳೆಯುತ್ತವೆ. 230 ವೋಲ್ಟ್‌ನಲ್ಲಿ 6 ಆಂಪಿಯರ್‌ನ ಸಾಧಾರಣ ಪ್ಲಗ್ ತಾಳುವುದು 1,380 ವಾಟ್ ಮಾತ್ರ. ಅದಕ್ಕಿಂತ ಹೆಚ್ಚಿನದಕ್ಕೆ 16 ಆಂಪಿಯರ್‌ನ ದೊಡ್ಡ ಪ್ಲಗ್ ಬೇಕು. ಕರೆಂಟು ಹೋದಾಗ ಮನೆಯ ಯುಪಿಎಸ್‌ನಿಂದ ಇದನ್ನು ನಡೆಸುವ ಆಸೆ ಬೇಡ. ಮೋಕಾಗೆ ಗ್ಯಾಸ್ ಒಲೆ ಸಾಕು. ಇಂಡಕ್ಷನ್ ಒಲೆಯಿದ್ದರೆ ಅಲ್ಯೂಮಿನಿಯಂ ಮೋಕಾ ಕಾಯುವುದಿಲ್ಲ, ಆ ಒಲೆಗೆಂದೇ ಮಾಡಿದ ಉಕ್ಕಿನದು ಕೇಳಿ ಕೊಳ್ಳಿ.

ಐದನೆಯದು ಜಾಹೀರಾತಿನ ಅಂಕಿ. 15 ಬಾರ್, 20 ಬಾರ್ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದು ಪಂಪಿನ ಗರಿಷ್ಠ ಶಕ್ತಿ. ಕಾಫಿಗೆ ಬೇಕಾದ್ದು 9 ಬಾರ್ ಮಾತ್ರ. ಅಂಕಿ ಹೆಚ್ಚಿದಷ್ಟೂ ರುಚಿ ಹೆಚ್ಚುವುದಿಲ್ಲ. ಅದಕ್ಕಿಂತ ಹತ್ತಿರದ ಊರಿನಲ್ಲಿ ರಿಪೇರಿ ಮಾಡುವವರು ಇದ್ದಾರೆಯೇ, ರಬ್ಬರ್ ಬಳೆ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳುವುದು ಲೇಸು. ಫಿಲ್ಟರಿನ ತೂತು ಕಟ್ಟಿಕೊಂಡರೆ ಒಲೆಯ ಉರಿಗೆ ಹಿಡಿದು, ಉಜ್ಜಿ ತೊಳೆದರೆ ಆಯಿತು. ಅದಕ್ಕೆ ಮೆಕ್ಯಾನಿಕ್ ಬೇಕಿಲ್ಲ.

ಉಳಿದ ಪ್ರಶ್ನೆ

ಆದರೂ ಎರಡನೆಯ ಪ್ರಶ್ನೆ ಉಳಿಯಿತು. ಕಾಫಿ ಮಾಡುವವರು ಯಾರು? ಯಂತ್ರ ತಂದಾಗ ನಾನು ಅಮ್ಮನ ಕೆಲಸವನ್ನು ಒಂದು ಉಪಕರಣದಿಂದ ಇನ್ನೊಂದಕ್ಕೆ ದಾಟಿಸಲು ಹೊರಟಿದ್ದೆ. ಕೆಲಸ ಅಮ್ಮನದೇ ಎಂಬ ಮಾತನ್ನು ಮಾತ್ರ ಮುಟ್ಟಿರಲಿಲ್ಲ.

ಕಳೆದ ವರ್ಷ ಅಮ್ಮನಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಆರು ವಾರ ಮಂಚದಲ್ಲಿರಬೇಕಾಯಿತು. ಅರವತ್ತು ದಾಟುವವರೆಗೆ ಒಲೆ ಹಚ್ಚದ ಅಪ್ಪ ಆಗ ಫಿಲ್ಟರ್ ಹಿಡಿದರು. ಮೊದಲ ದಿನ ಪುಡಿಯನ್ನು ಬಿಗಿಯಾಗಿ ಅದುಮಿಬಿಟ್ಟಿದ್ದರಿಂದ ಡಿಕಾಕ್ಷನ್ ಇಳಿಯಲೇ ಇಲ್ಲ. ಎರಡನೆಯ ದಿನ ಬಿಲ್ಲೆ ಇಡಲು ಮರೆತು ಚರಟ ತೇಲಿತು. ‘ಬಿಲ್ಲೆ ಮೆಲ್ಲಗೆ ಇಡಿ ಅಂದ್ರೆ, ಮೇಲೆ ಕೂತ್ಕೊಳ್ಳಿ ಅಂದ ಹಾಗಲ್ಲ’ ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು. ವಾರ ಕಳೆಯುವುದರಲ್ಲಿ ಅಪ್ಪ ಒಂದು ಉಪಾಯ ಕಂಡುಕೊಂಡರು. ರಾತ್ರಿ ಮಲಗುವ ಮುಂಚೆ ಪುಡಿ ಹಾಕಿ, ನೀರು ಹೊಯ್ದು ಮುಚ್ಚಿಡುವುದು. ಯಾರೂ ಕಾಯಬೇಕಿಲ್ಲ, ಗುಂಡಿ ಒತ್ತಬೇಕಿಲ್ಲ. ಬೆಳಿಗ್ಗೆ ಹಾಲು ಕಾಯಿಸಿದರೆ ಮುಗಿಯಿತು. ಸ್ವಯಂಚಾಲಿತ ಯಂತ್ರವೊಂದು ಮನೆಯಲ್ಲಿ ಮೊದಲೇ ಇತ್ತು.

ಅಮ್ಮ ಈಗ ಓಡಾಡುತ್ತಾಳೆ. ಆದರೆ ಬೆಳಗಿನ ಕಾಫಿ ಅಪ್ಪನ ಬಳಿಯೇ ಉಳಿದಿದೆ. ತಾಜಾ ಡಿಕಾಕ್ಷನ್‌ನ ಘಮ ಇದಕ್ಕೆ ಬರುವುದಿಲ್ಲ ಎಂಬ ಅಮ್ಮನ ತಕರಾರು ದಿನವೂ ಇದೆ, ಅದು ನಿಜವೂ ಹೌದು. ಆ ತಕರಾರನ್ನು ಅವಳು ಹೇಳುವುದು ಆರು ಗಂಟೆಯ ನಂತರ, ಎದ್ದು ಬಂದು ಕುಳಿತು, ಲೋಟ ಕೈಗೆ ತೆಗೆದುಕೊಂಡ ಮೇಲೆ. ಟವೆಲ್ ಹೊದ್ದ ಯಂತ್ರವನ್ನು ನಾನು ಊರಿಗೆ ಹೋದ ಭಾನುವಾರಗಳಲ್ಲಿ ಬಿಚ್ಚುತ್ತೇನೆ. ಚಿಕೋರಿಯಿಲ್ಲದ ಪುಡಿಯನ್ನು ನಾನೇ ಬೀಸಿಕೊಳ್ಳುತ್ತೇನೆ, ಯಂತ್ರವನ್ನೂ ನಾನೇ ತೊಳೆಯುತ್ತೇನೆ. ಈಗ ಅದು ಸೋರುವುದಿಲ್ಲ.